ಹತ್ತು ದಿನದ ಸೀಸೆ

ಮುನಿಕೃಷ್ಣಮ್ಮನವರು ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೊಳ್ಳುತ್ತಾ, "ಇನ್ಮೇಲೆ ಯಾರ ಮನೆ ಪಂಚಾಯ್ತಿಗೂ ಹೋಗಲ್ಲ ಕಣೇ ನಾಗಲಕ್ಷ್ಮಿ, ಸಾಕಾಯ್ತು," ಎಂದು ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ, ಗೇಟಿನ ಚಿಲಕ ಸದ್ದು ಮಾಡಿತು.

ಅಟ್ಟೂರಿನ ಅವರ ಮನೆಯ ಮಹಡಿಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಬಾಡಿಗೆಗಿದ್ದೇನೆ. ನಾನು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಅವರು ಸರ್ಕಾರಿ ಔಷಧಾಲಯದಲ್ಲಿ ಮೂವತ್ತೊಂದು ವರ್ಷ ಕಾಂಪೌಂಡರ್ ಆಗಿದ್ದವರು. ಔಷಧಿ ಬೆರೆಸಿ, ಅಳೆದು, ಕಿಟಕಿಯಿಂದ ಕೈಗೆ ಕೊಡುವ ಕೆಲಸ. ಆ ಕಿಟಕಿಯಲ್ಲಿ ಕೂತು ಕೂತು ಮನುಷ್ಯರ ಮುಖ ಓದುವುದನ್ನು ಕಲಿತೆ ಎನ್ನುತ್ತಾರೆ. ಸುತ್ತಮುತ್ತ ಏನು ಕಳೆದುಹೋದರೂ, ಯಾರ ಮೇಲೆ ಅಪವಾದ ಬಂದರೂ ಜನ ಇವರ ಗೇಟಿಗೇ ಬರುತ್ತಾರೆ. ಇವರು ಗೊಣಗುತ್ತಲೇ ಚಪ್ಪಲಿ ಮೆಟ್ಟುತ್ತಾರೆ. ನಾನು ಜೊತೆಗೆ ಹೋಗುತ್ತೇನೆ, ಬಂದು ಬರೆದಿಡುತ್ತೇನೆ.

ಆ ಶನಿವಾರ ಬಂದವಳು ನಂದಿತಾ. ಬಸ್ ಸ್ಟಾಪಿನ ಪಕ್ಕದ ಔಷಧಿ ಅಂಗಡಿಯ ಫಾರ್ಮಸಿಸ್ಟ್ ಹುಡುಗಿ. ಓದು ಬಾರದವರಿಗೆ ಔಷಧಿ ಕೊಡುವಾಗ ಸೀಸೆಯ ಚೀಟಿಯ ಮೇಲೆ ಒಂದು ಸೂರ್ಯ, ಒಂದು ಚಂದ್ರ ಬರೆದು, ಪಕ್ಕದಲ್ಲಿ ಎಷ್ಟು ಎಂದು ದಪ್ಪ ಅಂಕಿಯಲ್ಲಿ ಬರೆದುಕೊಡುತ್ತಾಳೆ. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿದ್ದಲ್ಲ. ಅಂದು ಅವಳ ಕಣ್ಣು ಕೆಂಪಾಗಿತ್ತು.

"ಅಮ್ಮ, ನಾಳೆ ಸಂಜೆ ಗೋಪಿ ಅಣ್ಣನ್ನ ಪೊಲೀಸ್ ಸ್ಟೇಷನ್ನಿಗೆ ಕೊಡ್ತಾರಂತೆ. ಅವ್ರನ್ನ ಆ ಮನೆಗೆ ಕೆಲ್ಸಕ್ಕೆ ಕಳಿಸಿದ್ದೇ ನಾನು."

"ಮೊದ್ಲು ಕೂತ್ಕೋ. ನೀರು ಕುಡಿ. ಯಾವ ಮನೆ?"

ಅಟ್ಟೂರಿನ ಪಕ್ಕದ ಸಿಂಗಾಪುರದಲ್ಲಿರುವ ಲಕ್ಕಣ್ಣನವರ ಮನೆ. ಲಕ್ಕಣ್ಣನವರಿಗೆ ಎಪ್ಪತ್ತೆಂಟು. ಐದು ತಿಂಗಳ ಹಿಂದೆ ಪಾರ್ಶ್ವವಾಯು ಹೊಡೆದು, ಅದರ ಬೆನ್ನಿಗೇ ಫಿಟ್ಸ್ ಶುರುವಾಗಿತ್ತು. ಮಾತ್ರೆ ನುಂಗಲಾಗದು, ಹಾಗಾಗಿ ಸಿರಪ್ಪು. ಮೊದಮೊದಲು ಅವರ ಹೆಂಡತಿ ಗೌರಮ್ಮನೇ ಕುಡಿಸುತ್ತಿದ್ದರು. ಆದರೆ ಗೌರಮ್ಮನ ಕಣ್ಣು ಮಂಜಾಗಿತ್ತು. ಜುಲೈ ಕೊನೆಯಲ್ಲಿ ಒಂದು ದಿನ ಕಿವಿಗೆ ಹಾಕುವ ಹನಿಯನ್ನು ತಮ್ಮ ಕಣ್ಣಿಗೇ ಬಿಟ್ಟುಕೊಂಡರು. ಸೊಸೆ ನಯನಾ ಹೆದರಿ, ಇನ್ನು ಔಷಧಿ ಮುಟ್ಟಬೇಡಿ ಎಂದು ಅತ್ತೆಗೆ ಹೇಳಿ, ಆಸ್ಪತ್ರೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದ ಗೋಪಿಯನ್ನು ಮನೆಯಲ್ಲೇ ಇರಲು ಕರೆಸಿದಳು.

"ಅವ್ರು ಬಂದ ಮೇಲೇ ಕಷ್ಟ ಶುರುವಾಯ್ತಮ್ಮ. ಕೆಲವು ದಿನ ತಾತಂಗೆ ಫಿಟ್ಸ್. ಕೆಲವು ದಿನ ತಲೆ ಎತ್ತಕ್ಕಾಗಲ್ಲ, ಮಂಕು. ಮೊನ್ನೆ ಹತ್ತನೇ ತಾರೀಕು ಬೆಳಗ್ಗೆ ಏಳಲೇ ಇಲ್ಲ. ಆಸ್ಪತ್ರೇಲಿ ರಕ್ತ ನೋಡಿ, ಈ ಔಷಧಿ ಅಂಶ ವಿಪರೀತ ಜಾಸ್ತಿ ಇದೆ ಅಂದ್ರಂತೆ. ಈಗ ಪರವಾಗಿಲ್ಲ, ಎಚ್ಚರ ಆಗಿದೆ."

"ನಿನ್ನ ಮೇಲೂ ಬಂದಿರ್ಬೇಕಲ್ಲ?"

"ಅವ್ರ ಮಗ ಅಶ್ವತ್ಥ್ ಮೊದ್ಲು ನಮ್ಮ ಅಂಗಡಿಗೇ ಬಂದಿದ್ದು. ನೀನೇ ತಪ್ಪು ಬರ್ದಿದೀಯ ಅಂತ ಕೂಗಾಡಿದ್ರು. ಡಾಕ್ಟ್ರ ಚೀಟಿ, ನಾನು ಅಂಟಿಸಿದ ಚೀಟಿ ಎರಡೂ ತೋರಿಸ್ದೆ. ಸೂರ್ಯಂಗೆ ಹತ್ತು, ಚಂದ್ರಂಗೆ ಹತ್ತು. ಸರಿಯಾಗೇ ಇತ್ತು. ನಾನು ಬಚಾವಾದೆ, ಎಲ್ಲಾ ಗೋಪಿ ಅಣ್ಣನ ತಲೆ ಮೇಲೆ ಬಿತ್ತು. ತಾನು ಆರಾಮಾಗಿ ಮಲಗೋಕೆ ಮುದುಕರಿಗೆ ಜಾಸ್ತಿ ಕುಡಿಸಿದ ಅಂತಾರೆ."

ಮುನಿಕೃಷ್ಣಮ್ಮ ಕರೆಂಟ್ ಬಿಲ್ಲಿನ ಹಿಂಬದಿ ತಿರುಗಿಸಿ ಪೆನ್ಸಿಲ್ ತೆಗೆದುಕೊಂಡರು. "ಲೆಕ್ಕ ಹೇಳು."

"ಒಂದು ಸಲಕ್ಕೆ ಹತ್ತು ಎಂಎಲ್. ದಿನಕ್ಕೆ ಎರಡು ಸಲ, ಇಪ್ಪತ್ತು. ಹತ್ತು ದಿನಕ್ಕೆ ಇನ್ನೂರು. ಬಾಟ್ಲು ಇನ್ನೂರರದ್ದೇ. ಒಂದು ಬಾಟ್ಲು, ಹತ್ತು ದಿನ."

"ಯಾವ್ಯಾವತ್ತು ತಗೊಂಡು ಹೋದ್ರು?"

ನಂದಿತಾ ಫೋನಿನಲ್ಲಿ ನೋಡಿ ಹೇಳಿದಳು. ಆಗಸ್ಟ್ ಒಂದು, ಹನ್ನೊಂದು, ಇಪ್ಪತ್ತೊಂದು, ಮೂವತ್ತೊಂದು.

"ಅಂದ್ರೆ ಒಂದು ದಿನವೂ ಆಚೀಚೆ ಇಲ್ಲ. ಗೋಪಿ ಜಾಸ್ತಿ ಕುಡಿಸಿದ್ರೆ ಸೀಸೆ ಏಳನೇ ದಿನಕ್ಕೋ ಎಂಟನೇ ದಿನಕ್ಕೋ ಬರಿದಾಗ್ಬೇಕಿತ್ತಲ್ಲ?"

"ಅದನ್ನೇ ನಾನೂ ಹೇಳ್ದೆ. ಗೊತ್ತಾಗಬಾರ್ದು ಅಂತ ನೀರು ಬೆರೆಸಿರ್ತಾನೆ ಅಂದ್ರು."

"ನೀರು ಬೆರೆಸಿದ್ರೆ ಇನ್ನೂರು ಎಂಎಲ್‌ನಲ್ಲಿದ್ದ ಔಷಧಿ ಇನ್ನೂರೈವತ್ತರಲ್ಲಿ ಹಂಚಿಹೋಗುತ್ತೆ ಅಷ್ಟೆ. ಹತ್ತು ದಿನದಲ್ಲಿ ಹೊಟ್ಟೆಗೆ ಹೋದದ್ದು ಅದೇ ಒಂದು ಸೀಸೆ ತಾನೆ? ಸರಿ, ಇದು ತಳದಲ್ಲಿ ಕೂರೋ ಔಷಧೀನಾ? ಅಲುಗಾಡಿಸದೆ ಕುಡಿಸಿದ್ರೆ ಮೇಲೆ ತೆಳು, ಕೆಳಗೆ ಗಟ್ಟಿ ಆಗುತ್ತೆ."

"ನಂಗೂ ಅದೇ ಮೊದ್ಲು ಹೊಳೀತು. ಆದ್ರೆ ಇದು ತಿಳಿ ಸಿರಪ್ಪು ಅಮ್ಮ, ಕೆಂಪು ಶರಬತ್ತಿನ ಥರ. ಒಂದು ತಿಂಗಳಿಟ್ಟರೂ ಏನೂ ಕೂರಲ್ಲ."

ಮುನಿಕೃಷ್ಣಮ್ಮ ಪೆನ್ಸಿಲ್ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. "ಒಟ್ಟು ಸರಿಯಾಗಿದೆ. ಮನುಷ್ಯ ಮಾತ್ರ ಸರಿಯಾಗಿಲ್ಲ. ನಾಗಲಕ್ಷ್ಮಿ, ಆಟೋ ಕೂಗು."

ಸಿಂಗಾಪುರದ ಆ ಮನೆ ಹಳೆಯ ಊರಿನ ಬೀದಿಯಲ್ಲೇ ಇತ್ತು. ಮೇಲೆ ಮೂರು ಅಂತಸ್ತು ಹೊಸದು, ಕೆಳಗಿನದು ಹಳೆಯ ಜಗುಲಿಯ ಮನೆ. ಜಗುಲಿಯ ಮೇಲೆ ಗೋಪಿ ತನ್ನ ಬಟ್ಟೆಯ ಚೀಲವನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ನಲವತ್ತೈದರ ಬಡಕಲು ಮನುಷ್ಯ. ಹೋಗಬೇಡ ಎಂದು ಅವನ ಫೋನನ್ನು ತೆಗೆದಿಟ್ಟುಕೊಂಡಿದ್ದರಂತೆ. ಅಂಥ ಹೊತ್ತಿನಲ್ಲೂ ಅವನು ಲಕ್ಕಣ್ಣನವರ ಗಾಲಿ ಕುರ್ಚಿಯನ್ನು ಮಗುಚಿಕೊಂಡು, ಗಾಲಿಗೆ ಸುತ್ತಿಕೊಂಡಿದ್ದ ಕೂದಲು ನೂಲನ್ನು ಒಂದೊಂದಾಗಿ ಬಿಡಿಸುತ್ತಿದ್ದ.

"ಔಷಧಿ ಯಾರಪ್ಪಾ ಕುಡಿಸ್ತಿದ್ದಿದ್ದು?" ಎಂದರು ಮುನಿಕೃಷ್ಣಮ್ಮ.

"ನಾನೇ ಮೇಡಮ್."

"ಎಷ್ಟು?"

"ಹತ್ತು ಎಂಎಲ್. ಅಳತೆ ಲೋಟದಲ್ಲಿ." ಅವನು ಗಾಲಿಯಿಂದ ಕಣ್ಣೆತ್ತಲಿಲ್ಲ.

"ನಿನ್ನೆದುರು ನಿಂತಿರೋಳು ಪೊಲೀಸಲ್ಲ ಕಣಪ್ಪ."

"ನಾನೇ ಮೇಡಮ್," ಎಂದ ಮತ್ತೆ.

ಒಳಗೆ ಸೊಸೆ ನಯನಾ ನಮ್ಮನ್ನು ಕೂರಿಸಿದಳು. ಅವಳ ಮುಖದಲ್ಲಿ ಮೂರು ದಿನದ ನಿದ್ದೆಗೇಡಿತ್ತು. ಆಸ್ಪತ್ರೆಗೂ ಮನೆಗೂ ಓಡಾಡಿ ಸೋತಿದ್ದಳು. ಆದರೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿ ಅಚ್ಚುಕಟ್ಟಾಗಿತ್ತು. ಪ್ರತಿ ದಿನಕ್ಕೂ ಎರಡು ಗುರುತು, ಗೋಪಿಯ ಕೈಯವು. ಪಕ್ಕದಲ್ಲಿ ನಯನಾಳ ಅಕ್ಷರ. ಆಗಸ್ಟ್ ಎರಡು, ಹನ್ನೆರಡು, ಇಪ್ಪತ್ತಮೂರು, ಸೆಪ್ಟೆಂಬರ್ ಒಂದು: ಫಿಟ್ಸ್. ಆಗಸ್ಟ್ ಒಂಬತ್ತು, ಇಪ್ಪತ್ತು, ಮೂವತ್ತು: ಮಂಕು, ಊಟ ಬೇಡ. ಸೆಪ್ಟೆಂಬರ್ ಹತ್ತು: ಆಸ್ಪತ್ರೆ.

ಮುನಿಕೃಷ್ಣಮ್ಮ ಅದರ ಮುಂದೆ ತುಂಬಾ ಹೊತ್ತು ನಿಂತರು. "ನೀನಿದನ್ನ ಬರೆದಿಟ್ಟದ್ದು ದೊಡ್ಡ ಉಪಕಾರ ಆಯ್ತಮ್ಮ," ಎಂದರು.

ನಯನಾಳ ಕಣ್ಣು ತುಂಬಿತು. "ಎಷ್ಟು ಬರೆದ್ರೂ ಏನ್ ಪ್ರಯೋಜನ ಆಂಟಿ? ಅತ್ತೆ ಕೈಲಿದ್ದಾಗ ಮೂರು ತಿಂಗ್ಳು ಒಂದು ದಿನ ಏನೂ ಆಗಿರ್ಲಿಲ್ಲ. ನಾನೇ ಬೇಡ ಅಂದು ಇವನನ್ನ ತಂದೆ."

ಅಷ್ಟರಲ್ಲಿ ಗೌರಮ್ಮ ಟೀ ತಂದರು. ಆಸ್ಪತ್ರೆಯಿಂದ ಸ್ನಾನಕ್ಕೆಂದು ಮನೆಗೆ ಬಂದಿದ್ದರಂತೆ. ಎಪ್ಪತ್ತು ದಾಟಿದ, ಸಣ್ಣ ಮೈಯ ಹೆಂಗಸು. ಪಾತ್ರೆಯಿಂದ ಟೀ ಸುರಿಯುವಾಗ ಲೋಟದ ಒಳಗೆ ಹೆಬ್ಬೆರಳಿಟ್ಟು, ಬಿಸಿ ತಾಗಿದ ಕೂಡಲೇ ನಿಲ್ಲಿಸಿದರು. ಮೂರು ಲೋಟದಲ್ಲೂ ಟೀ ಒಂದೇ ಮಟ್ಟಕ್ಕಿತ್ತು, ಒಂದು ಹನಿ ಚೆಲ್ಲಿರಲಿಲ್ಲ. ನಾಲ್ಕನೆಯ ಲೋಟವನ್ನು ಯಾರಿಗೂ ಹೇಳದೆ ಜಗುಲಿಗೆ ತೆಗೆದುಕೊಂಡು ಹೋದರು.

"ಅವ್ನ್ ತಪ್ಪೇನಿಲ್ಲ ಕಣವ್ವ. ಒಳ್ಳೇವ್ನು," ಎಂದರು ಹಿಂತಿರುಗಿ ಬಂದು. "ನಾನ್ ಏಳಿದ್ರೆ ಯಾರ್ ಕೇಳ್ತಾರೆ?"

"ಖಾಲಿ ಸೀಸೆ ಎಲ್ಲಿ ಹಾಕ್ತೀರಿ?" ಎಂದು ಕೇಳಿದರು ಮುನಿಕೃಷ್ಣಮ್ಮ.

"ಅತ್ತೆ ಒಂದನ್ನೂ ಎಸೆಯಕ್ಕೆ ಬಿಡಲ್ಲ," ಎಂದಳು ನಯನಾ. "ಡಬ್ಬಿ ಕೂಡ."

ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಸೀಸೆಗಳು ಸಾಲಾಗಿದ್ದವು. ಹಳೆಯವು ಬೋಳು ಕಂಬದ ಹಾಗೆ ನೆಟ್ಟಗೆ. ಅವುಗಳಲ್ಲಿ ಹರಳೆಣ್ಣೆ, ಹೊಂಗೆ ಎಣ್ಣೆ ತುಂಬಿದ್ದರು. ಈಚಿನ ನಾಲ್ಕು ಚೆಂದವಾಗಿದ್ದವು. ದೇವರ ಗಂಟೆಯ ಹಾಗೆ ಮೇಲೆ ಸಣ್ಣ, ಕೆಳಗೆ ಅಗಲ. ಕಂಪನಿಯವರು ಈಗ ಉರುಳಿಬೀಳದಂಥ ಸೀಸೆ ಮಾಡಿದ್ದಾರೆ ಎಂದಳು ನಂದಿತಾ. ಹಳೇ ಸ್ಟಾಕು ಜುಲೈಗೆ ಮುಗಿದಿತ್ತಂತೆ. ಮುನಿಕೃಷ್ಣಮ್ಮ ಒಂದನ್ನೆತ್ತಿ ಬೆಳಕಿಗೆ ಹಿಡಿದು, ಪಕ್ಕದಲ್ಲಿ ಉಗುರಿನಿಂದ ಕೆರೆದರು. ಒಣಗಿದ ಅನ್ನದ ಅಗುಳಿನಂಥದ್ದು ಸಿಪ್ಪೆಯಾಗಿ ಉದುರಿತು. ನಾಲ್ಕರ ಮೇಲೂ ಮೇಲಿಂದ ಕೆಳಕ್ಕೆ ಅದೇ ಗುರುತು.

ರಟ್ಟಿನ ಡಬ್ಬಿಗಳೊಳಗೆ ಅಳತೆ ಲೋಟಗಳಿದ್ದವು. ನಾಲ್ಕೂ ಡಬ್ಬಿ, ನಾಲ್ಕೂ ಲೋಟ. ನಾಲ್ಕೂ ಸೀಲು ಒಡೆಯದ ಪ್ಲಾಸ್ಟಿಕ್ ಚೀಲದಲ್ಲೇ ಇದ್ದವು.

ನಂದಿತಾ ಏನೋ ಹೇಳಲು ಬಾಯಿ ತೆರೆದಳು. ಮುನಿಕೃಷ್ಣಮ್ಮ ತುಟಿಯ ಮೇಲೆ ಬೆರಳಿಟ್ಟರು.

ಹೊರಡುವ ಮುನ್ನ ದೇವರಿಗೆ ಕೈಮುಗಿಯುತ್ತೇನೆಂದು ದೇವರ ಗೂಡಿನ ಬಳಿ ನಿಂತರು. ಅಲ್ಲಿ ದೀಪದ ಪಕ್ಕದಲ್ಲಿ ಒಂದು ಬೆಳ್ಳಿಯ ಒಳಲೆ ಇತ್ತು, ಎಳೆಮಕ್ಕಳಿಗೆ ಹಾಲು ಹಾಕುವ ಮೂತಿಯ ಪುಟ್ಟ ಬಟ್ಟಲು. ಆ ಮನೆಯ ಕಿರಿಯ ಕೂಸು ಪಿಯುಸಿ ಓದುತ್ತಿತ್ತು. ಒಳಲೆಯ ಬುಡದಲ್ಲಿ ಕೆಂಪಗೆ ಒಂದು ಅಂಟು ಉಂಗುರ, ಅದಕ್ಕೆ ಎರಡು ಇರುವೆ. ಮುನಿಕೃಷ್ಣಮ್ಮ ಅದನ್ನೆತ್ತಿದರು. ಅಡಿಯಲ್ಲಿ ಬೆರಳುದ್ದದ ಒಂದು ದಪ್ಪ ಕ್ಯಾಲೆಂಡರ್ ಕಾಗದದ ಪಟ್ಟಿ. ಅದರ ಒಂದು ಅಂಚಿನಲ್ಲಿ ಗರಗಸದ ಹಾಗೆ ಸಣ್ಣ ಸಣ್ಣ ಕಚ್ಚುಗಳು. ಹಬ್ಬಕ್ಕೆ ಕತ್ತರಿಸಿದ ತೋರಣದ ಚೂರು ಎಂದುಕೊಂಡೆ ನಾನು. ಅವರು ಅದರ ಕೆಳತುದಿಯನ್ನು ಬೆರಳಿನಿಂದ ತಡವಿದರು. ಅಲ್ಲೊಂದು ಸೂಜಿಯ ತೂತಿತ್ತು. ಅವರ ಬೆರಳು ಅದರ ಮೇಲೆ ನಿಂತುಬಿಟ್ಟಿತು.

ಅವರ ಮುಖ ಅಷ್ಟು ಬಿಳಚಿದ್ದನ್ನು ನಾನು ನೋಡಿರಲಿಲ್ಲ.

"ಯಾಕಕ್ಕ?"

"ಏನಿಲ್ಲ. ಮಂಡಿ ನೋವು." ಪಟ್ಟಿಯನ್ನೂ ಒಳಲೆಯನ್ನೂ ಇದ್ದ ಹಾಗೇ ಇಟ್ಟರು. ಬಾಗಿಲಲ್ಲಿ ನಿಂತು ನಯನಾಗೆ ಹೇಳಿದರು, "ನಾಳೆ ನಾಲ್ಕು ಗಂಟೆಗೆ ಎಲ್ಲರೂ ಮನೇಲಿರಿ. ನಿನ್ನ ಗಂಡನಿಗೂ ಹೇಳು. ಪೊಲೀಸಿಗೆ ಹೋಗೋದಾದ್ರೆ ಆಮೇಲೆ ಹೋಗ್ಲಿ."

ರಾತ್ರಿ ಅವರು ಮನೆಯಲ್ಲಿ ಅನ್ನ ಕಲಸಿ ಹಾಗೇ ಬಿಟ್ಟರು. ನಾನು ಮಜ್ಜಿಗೆ ಮಾಡಿ ಕೊಟ್ಟೆ. "ತಪ್ಪು ಮಾಡಿದವರು ಕೆಟ್ಟವರಾಗಿದ್ರೆ ಎಷ್ಟು ಸುಲಭ ಅಲ್ವಾ ನಾಗಲಕ್ಷ್ಮಿ," ಎಂದರು, ಅಷ್ಟೇ.

ಭಾನುವಾರ ನಾಲ್ಕಕ್ಕೆ ನಾವು ಹೋದಾಗ ಹಜಾರದಲ್ಲಿ ಎಲ್ಲರೂ ಇದ್ದರು. ಲಕ್ಕಣ್ಣನವರ ಹತ್ತಿರ ಆಸ್ಪತ್ರೆಯಲ್ಲಿ ನೆಂಟರೊಬ್ಬರನ್ನು ಕೂರಿಸಿ ಬಂದಿದ್ದರು. ಅಶ್ವತ್ಥ್ ಐವತ್ತರ ದಪ್ಪ ಆಸಾಮಿ, ಕಟ್ಟಡ ಕಟ್ಟಿಸುವ ಕೆಲಸ. ನಮ್ಮನ್ನು ಕಂಡು ಮುಖ ಗಂಟಿಕ್ಕಿದ. ಆದರೂ ತಾಯಿ ಗೋಡೆಗೊರಗಿ ನೆಲದ ಮೇಲೆ ಕೂತದ್ದನ್ನು ನೋಡಿ ಎದ್ದು ಬೆನ್ನಿಗೊಂದು ದಿಂಬು ತಂದುಕೊಟ್ಟ. ಗೋಪಿ ಬಾಗಿಲ ಹತ್ತಿರ ನಿಂತಿದ್ದ.

"ನೋಡಿ ಅಮ್ಮ, ನೀವು ಹಿರಿಯರು," ಎಂದ ಅಶ್ವತ್ಥ್. "ಆದ್ರೆ ನಮ್ಮಪ್ಪ ಸಾಯೋದು ಒಂದು ಕೂದ್ಲಲ್ಲಿ ತಪ್ಪಿದೆ. ಇವನನ್ನ ಬಿಟ್ರೆ ನಾಳೆ ಇನ್ನೊಬ್ರ ಮನೇಲಿ ಇದೇ ಮಾಡ್ತಾನೆ."

"ಬಿಡು ಅಂತ ನಾನೆಲ್ಲಿ ಹೇಳ್ದೆ? ಐದು ನಿಮಿಷ ಲೆಕ್ಕ ಕೇಳು." ಮುನಿಕೃಷ್ಣಮ್ಮ ಕುರ್ಚಿಯಲ್ಲಿ ಕಾಲು ನೀಡಿ ಕೂತರು. "ಎಲ್ಲರೂ ಎಷ್ಟು ಕುಡಿಸಿದ್ರು ಅಂತ ಕೇಳಿದ್ರಿ. ಯಾವತ್ತು ಎಷ್ಟು ಅಂತ ಕೇಳಲಿಲ್ಲ. ನಾಲ್ಕು ಸೀಸೆ, ನಾಲ್ಕೂ ಸರಿಯಾಗಿ ಹತ್ತು ದಿನಕ್ಕೇ ಮುಗಿದಿವೆ. ಒಟ್ಟಿನಲ್ಲಿ ಒಂದು ಹನಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಈಗ ನಿನ್ನ ಹೆಂಡತಿ ಬರೆದ ಪಟ್ಟಿ ನೋಡು. ಫಿಟ್ಸ್ ಬಂದದ್ದು ಎರಡು, ಹನ್ನೆರಡು, ಇಪ್ಪತ್ತಮೂರು, ಮತ್ತೆ ಒಂದನೇ ತಾರೀಕು. ಅಂದ್ರೆ ಹೊಸ ಸೀಸೆ ತೆಗೆದ ಎರಡನೇ ದಿನ, ಮೂರನೇ ದಿನ. ಮಂಕಾದದ್ದು ಒಂಬತ್ತು, ಇಪ್ಪತ್ತು, ಮೂವತ್ತು, ಕೊನೆಗೆ ಎಚ್ಚರ ತಪ್ಪಿದ ಹತ್ತು. ಸೀಸೆ ಮುಗಿಯೋ ಹೊತ್ತಿಗೆ. ಮೊದಲು ಔಷಧಿ ಕಡಿಮೆ ಬಿದ್ದಿದೆ, ಕೊನೆಯಲ್ಲಿ ಹೆಚ್ಚು ಬಿದ್ದಿದೆ. ನಾಲ್ಕು ಸಲವೂ ಹಾಗೇ."

"ಹಾಗಾದ್ರೆ ಇವನೇ ಮೊದ್ಲು ಉಳಿಸಿ ಕೊನೇಗೆ ಸುರಿದಿದಾನೆ."

"ಯಾಕೆ? ಆರಾಮಾಗಿ ಮಲಗೋಕೆ ಬೇಕಾದ್ರೆ ಮೊದಲ ದಿನಾನೇ ಸುರೀಬಹುದಲ್ಲ? ಫಿಟ್ಸ್ ಬಂದ್ರೆ ರಾತ್ರಿ ಎಲ್ಲಾ ಎದ್ದು ಕೂರೋನು ಅವನೇ ತಾನೆ?" ಅವರು ನಂದಿತಾಳ ಚೀಲದ ಕಡೆ ಕೈ ತೋರಿದರು. "ಒಂದೇ ವಾರದಲ್ಲಿ ನಿಮ್ಮ ಮನೆಗೆ ಇಬ್ಬರು ಹೊಸಬರು ಬಂದ್ರು. ಒಬ್ಬ ಗೋಪಿ. ಇನ್ನೊಂದು ಈ ಸೀಸೆ. ನೀವೆಲ್ಲ ಮನುಷ್ಯನ್ನೇ ನೋಡಿದ್ರಿ, ಸೀಸೆ ನೋಡಲಿಲ್ಲ. ನಂದಿತಾ, ತೆಗಿಯಮ್ಮ."

ನಂದಿತಾ ಚೀಲದಿಂದ ಎರಡು ಸೀಸೆ ತೆಗೆದು ಮೇಜಿನ ಮೇಲಿಟ್ಟಳು. ಉಗ್ರಾಣದಲ್ಲಿ ಕಂಡಂಥವೇ, ಒಂದು ಕಂಬ, ಒಂದು ಗಂಟೆ. ಎರಡರಲ್ಲೂ ಇನ್ನೂರು ಎಂಎಲ್ ನೀರು. ಮುನಿಕೃಷ್ಣಮ್ಮ ತಮ್ಮ ಸೆರಗಿನ ಗಂಟಿನಿಂದ ಒಂದು ಕಾಗದದ ಪಟ್ಟಿ ಬಿಚ್ಚಿದರು. ಅದು ಹಿಂದಿನ ರಾತ್ರಿ ಅವರೇ ಕತ್ತರಿಸಿದ್ದು. ಐದು ಮಡಿಕೆ ಮಾಡಿ, ಆಮೇಲೆ ಎರಡು ಸಲ ಅರ್ಧ ಮಾಡಿ, ಮೂಲೆಯನ್ನು ಕತ್ತರಿಯಿಂದ ಚಿಟುಕಿಸಿದ್ದರು. ಬಿಡಿಸಿದಾಗ ಒಂದೇ ಅಳತೆಯ ಇಪ್ಪತ್ತು ಕಚ್ಚು.

ಗೋಡೆಗೊರಗಿದ್ದ ಗೌರಮ್ಮ ಕತ್ತೆತ್ತಿದರು.

"ಹತ್ತು ದಿನ, ಇಪ್ಪತ್ತು ಸಲ, ಇಪ್ಪತ್ತು ಕಚ್ಚು. ಸೀಸೆಯ ಪಕ್ಕಕ್ಕೆ ಅಂಟಿಸಿದ್ರೆ ಆಯ್ತು. ಒಂದು ಸಲಕ್ಕೆ ಒಂದು ಕಚ್ಚು ಇಳಿಯೋವರೆಗೆ ಬಗ್ಗಿಸ್ಬೇಕು. ಓದಕ್ಕೆ ಬರಬೇಕಿಲ್ಲ. ಕಣ್ಣು ಮಂಜಾದ್ರೂ ಕೆಂಪು ಔಷಧಿಯ ಮಟ್ಟ ಬೆಳಕಿಗೆ ತಿಳಿಯುತ್ತೆ, ಕಚ್ಚು ಬೆರಳಿಗೆ ತಾಗುತ್ತೆ." ಪಟ್ಟಿಯನ್ನು ಗಂಟೆಯಂಥ ಸೀಸೆಗೆ ಅಂಟಿಸಿ ನಯನಾಗೆ ಕೊಟ್ಟರು. "ನೀನೇ ಅಳೆಯಮ್ಮ. ಮೇಲಿನ ಮೊದಲ ಕಚ್ಚು."

ನಯನಾ ಅಳತೆ ಲೋಟಕ್ಕೆ ಸುರಿದಳು. "ನಾಲ್ಕು," ಎಂದಳು. "ನಾಲ್ಕೇ ಎಂಎಲ್."

"ಸುರೀತಾ ಹೋಗು."

ಮಧ್ಯದ ಹೊತ್ತಿಗೆ ಹತ್ತು ಬಂತು. ಆಮೇಲೆ ಹನ್ನೆರಡು, ಹದಿನಾಲ್ಕು. ಕೊನೆಯ ಕಚ್ಚಿಗೆ ನಯನಾ ಸೀಸೆಯನ್ನು ಪೂರ್ತಿ ಬಗ್ಗಿಸಿದಾಗ ನೀರು ಮೇಜಿನ ಮೇಲೆ ಚೆಲ್ಲಿತು. ನಂದಿತಾ ಅವಳ ಮೊಣಕೈ ಹಿಡಿದುಕೊಂಡು ಉಳಿದದ್ದನ್ನು ಅಳೆದಳು. ಚೆಲ್ಲಿದ ಹನಿ ಬಿಟ್ಟು ಹದಿನೇಳು.

"ಎತ್ತರ ಒಂದೇ, ಸೀಸೆಯ ಹೊಟ್ಟೆ ಬೇರೆ," ಎಂದರು ಮುನಿಕೃಷ್ಣಮ್ಮ. "ನೆಟ್ಟಗಿನ ಸೀಸೆಗಾದ್ರೆ ಪ್ರತಿ ಕಚ್ಚಿಗೂ ಹತ್ತೇ ಬರೋದು. ಅದಕ್ಕೇ ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ಉಗ್ರಾಣದ ಸೀಸೆಗಳ ಮೇಲೆ ಅನ್ನದ ಗಂಜಿಯ ಗುರುತಿದೆ. ಅಳತೆ ಲೋಟಗಳು ಚೀಲದಿಂದ ಹೊರಗೇ ಬಂದಿಲ್ಲ. ಅಂದ್ರೆ ಗೋಪಿ ನನ್ನ ಹತ್ರ ಸುಳ್ಳು ಹೇಳಿದ. ತನ್ನ ಮೈ ಉಳಿಸಿಕೊಳ್ಳೋಕೆ ಸುಳ್ಳು ಹೇಳೋರನ್ನ ಬೇಕಾದಷ್ಟು ನೋಡಿದೀನಿ. ಇವನು ಸಿಕ್ಕಿಹಾಕಿಕೊಳ್ಳೋಕೆ ಹೇಳಿದ. ಯಾಕಪ್ಪಾ?"

ಗೋಪಿ ತಲೆ ತಗ್ಗಿಸಿದ. "ತಾತ ನನ್ನ ಕೈಲಿ ಕುಡೀತಿರ್ಲಿಲ್ಲ ಮೇಡಮ್. ಮೊದಲ್ನೇ ದಿನ ನನ್ ಮುಖಕ್ಕೇ ಉಗಿದ್ರು. ಅಮ್ಮಾವ್ರು ಒಳಲೇಲಿ ಹಾಕಿದ್ರೆ ಮಗೂ ಥರ ಕುಡಿಯೋರು. ಅವ್ರು ಔಷಧಿ ಮುಟ್ಟಬಾರ್ದು ಅಂತ ನಯನಾ ಮೇಡಮ್ ಹೇಳಿದ್ರಲ್ಲ, ಅದಕ್ಕೆ ಫ್ರಿಜ್ಜಿನ ಪಟ್ಟೀಲಿ ನಾನೇ ಗುರುತು ಹಾಕ್ತಿದ್ದೆ. ಅಮ್ಮಾವ್ರ ಕೈ ಅಳತೆ ನೋಡ್ದೆ, ಅಷ್ಟು ಹುಷಾರಾಗಿ ನಮ್ಮ ವಾರ್ಡಲ್ಲೂ ಯಾರೂ ಕೊಡ್ತಿರ್ಲಿಲ್ಲ. ಸರಿಯಾಗಿದೆ ಅಂದ್ಕೊಂಡೆ. ಸೀಸೆನೂ ಸರಿಯಾಗಿ ಹತ್ತು ದಿನಕ್ಕೆ ಮುಗಿಯೋದಲ್ಲ."

"ಮತ್ತೆ ಮೊನ್ನೆ ಯಾಕೋ ಬಾಯಿ ಬಿಡ್ಲಿಲ್ಲ?" ಅಶ್ವತ್ಥನ ದನಿ ಇಳಿದಿತ್ತು.

"ಅಮ್ಮಾವ್ರು ಕೊಟ್ರು ಅಂತ ಹೇಗ್ ಹೇಳ್ಲಿ ಸಾರ್? ಐವತ್ತು ವರ್ಷ ಸಂಸಾರ ಮಾಡ್ದೋರು. ಅವ್ರಿಗೆ ಆ ಮಾತು ಕೇಳಿಸ್ಬಾರ್ದು ಅನ್ನಿಸ್ತು."

ಗೌರಮ್ಮ ಎದ್ದು ಬಂದರು. ಮೇಜನ್ನು ತಡವಿ ಸೀಸೆಯನ್ನು ಹುಡುಕಿಕೊಂಡರು. ಎರಡು ಕೈಯಲ್ಲೂ ಅದನ್ನು ಹಿಡಿದು ಮೇಲಿಂದ ಕೆಳಗೆ ನಿಧಾನವಾಗಿ ಸವರಿದರು. ಮೊದಲ ಸಲ ಅದರ ಆಕಾರ ತಿಳಿಯುತ್ತಿರುವ ಹಾಗೆ.

"ಒಂದ್ ಕಚ್ಚು ಎಚ್ಚಿಲ್ಲ, ಒಂದ್ ಕಚ್ಚು ಕಮ್ಮಿ ಇಲ್ಲ," ಎಂದರು. "ಅಂಗೇ ಕೊಟ್ಟೆ ಕಣಪ್ಪಾ. ನನ್ ಲೆಕ್ಕ ಸರಿ ಇತ್ತು. ಅದ್ಕೇ ಬೇರೆ ಏನೋ ಆಗೈತೆ ಅಂದ್ಕೊಂಡೆ. ನನ್ ಕೈಯಾಗೇ ಇಂಗಾಯ್ತಾ? ನಾನೇ ಅವ್ರನ್ನ..."

ಎಲ್ಲರಿಗಿಂತ ಮೊದಲು ನಯನಾ ಅವರ ಹತ್ತಿರ ಹೋದಳು. "ಅತ್ತೆ, ಕೂತ್ಕೊಳ್ಳಿ. ನನ್ನ ಹತ್ರ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನ್ ಬೈತೀಯ ಅಂತ ಕಣವ್ವ."

"ನಾನು ಬೈಯೋದೇ ಅಷ್ಟು ದೊಡ್ಡದಾಯ್ತಾ?" ಎಂದಳು ನಯನಾ, ಮತ್ತೆ ಅತ್ತಳು.

ಅಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಚೀಲ ಎತ್ತಿಕೊಂಡೆ. ಮುನಿಕೃಷ್ಣಮ್ಮ ಏಳಲಿಲ್ಲ.

"ಗೌರಮ್ಮ, ಈ ಕಚ್ಚು ಮಾಡೋದನ್ನ ಯಾರು ಕಲಿಸಿದ್ರು?"

"ಯಾರೂ ಕಲಿಸ್ಲಿಲ್ಲ. ನೋಡಿ ಕಲ್ತಿದ್ದು. ನಮ್ಮತ್ತೆಗೆ ದಮ್ಮು ಇತ್ತು. ಸರ್ಕಾರಿ ಔಷಧಾಲಯದಾಗೆ ಮಿಕ್ಸ್ಚರ್ ಕೊಡೋರು, ಸೀಸೆಗೆ ಇಂಥ ಪಟ್ಟಿ ಅಂಟ್ಸಿ. ಆಗ ಇವ್ನಿನ್ನೂ ಕಂಕುಳಾಗಿದ್ದ."

"ನಿನ್ನ ಪಟ್ಟಿಯ ಬುಡದಲ್ಲಿ, ಎರಡು ಕಚ್ಚು ಉಳಿದಿರೋ ಕಡೆ, ಸೂಜಿಯಿಂದ ಒಂದು ತೂತು ಮಾಡಿದೀಯ. ಅದು ಯಾಕೆ?"

"ಅದು ಬೆರಳಿಗೆ ತಾಕಿದ್ರೆ ಔಷಧಿ ಇನ್ನೊಂದು ದಿನಕ್ಕೇ ಐತೆ, ಬಂದು ತಗೊಂಡೋಗು ಅಂತ. ಆ ಕಾಂಪೌಂಡ್ರಮ್ಮ ಮಾಡ್ತಿದ್ರು. ಒಳ್ಳೇ ಉಡುಗಿ. ನಾವು ಓದಿಲ್ಲ ಅಂತ ಒಂದಿನಾನೂ ನಗ್ಲಿಲ್ಲ."

ಮುನಿಕೃಷ್ಣಮ್ಮ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

"ಬೇರೆ ಯಾರೂ ಆ ತೂತು ಮಾಡ್ತಿರಲಿಲ್ಲ," ಎಂದರು. "ಅದು ನನ್ನದೇ. ಅಶ್ವತ್ಥ, ನಿಮ್ಮಪ್ಪನಿಗೆ ಹೀಗಾದದ್ದಕ್ಕೆ ಯಾರನ್ನಾದರೂ ಹಿಡಿದುಕೊಡಲೇಬೇಕು ಅಂದ್ರೆ ನನ್ನ ಹೆಸರು ಬರೆಸು. ಕಚ್ಚು ಹಾಕೋದನ್ನ ಆ ಕಿಟಕಿಯಲ್ಲಿ ಸಾವಿರ ಜನಕ್ಕೆ ತೋರಿಸಿದೆ. ಅದು ನೆಟ್ಟಗಿನ ಸೀಸೆಗೆ ಮಾತ್ರ ಸರಿ ಅಂತ ಒಬ್ಬರಿಗೂ ಹೇಳಲಿಲ್ಲ. ಆಗ ಬೇರೆ ಸೀಸೆಯೇ ಇರಲಿಲ್ಲ. ಹೇಳಬೇಕು ಅಂತ ಹೊಳೀಲೇ ಇಲ್ಲ."

ಗೌರಮ್ಮ ದನಿ ಬಂದ ಕಡೆಗೆ ತಿರುಗಿದರು. ಹತ್ತಿರ ಬಂದು ಮುನಿಕೃಷ್ಣಮ್ಮನವರ ಮುಖ ತಡವಿದರು. ಕೆನ್ನೆ, ಕಿವಿ, ನರೆತ ಕೂದಲು.

"ಅಯ್ಯೋ, ಕಾಂಪೌಂಡ್ರಮ್ಮ!" ಎಂದರು. "ಎಷ್ಟ್ ಮುದುಕಿ ಆಗೋಗಿದೀಯ!"

ಮೊದಲು ನಕ್ಕವನು ಗೋಪಿ. ಆಮೇಲೆ ಅಶ್ವತ್ಥನೂ ಮುಖ ಒರೆಸಿಕೊಂಡು ಎದ್ದ. ಜೇಬಿನಿಂದ ಗೋಪಿಯ ಫೋನು ತೆಗೆದುಕೊಟ್ಟ. ಜಗುಲಿಗೆ ಹೋಗಿ ಗೋಪಿಯ ಬಟ್ಟೆ ಚೀಲವನ್ನು ತಾನೇ ಹೊತ್ತು ಒಳಗೆ ತಂದಿಟ್ಟ.

ಮುನಿಕೃಷ್ಣಮ್ಮ ನಂದಿತಾಳಿಂದ ಒಂದು ಪ್ಲಾಸ್ಟಿಕ್ ಸಿರಿಂಜ್ ಕೇಳಿದರು, ಸೂಜಿ ಇಲ್ಲದ, ಬಾಯಿಗೆ ಔಷಧಿ ಹಾಕುವ ದೊಡ್ಡದು. ಹಿಡಿಯನ್ನು ಹತ್ತರ ಗೆರೆಗೆ ಎಳೆದು, ಕೊಳವೆಯ ಬಾಯಿಗೆ ಸರಿಯಾಗಿ ಬರುವ ಜಾಗದಲ್ಲಿ ಹಿಡಿಯ ಮೇಲೆ ಬ್ಲೇಡಿನಿಂದ ಒಂದು ಕಚ್ಚು ಹಾಕಿದರು. ಮಂಡಿಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೊರೆದರು. ಆಮೇಲೆ ಅದನ್ನು ಗೌರಮ್ಮನ ಬೆರಳಿಗೆ ತಾಗಿಸಿದರು.

"ಇಲ್ಲಿವರೆಗೆ ಎಳಿ, ಒಳಲೆಗೆ ಬಿಡು. ಸೀಸೆ ಗಂಟೆ ಥರ ಇರಲಿ, ಗಡಿಗೆ ಥರ ಇರಲಿ, ಇಲ್ಲಿ ಹತ್ತೇ ಬರೋದು. ಗೋಪಿ ಪಕ್ಕದಲ್ಲಿ ನಿಂತು ನೋಡ್ಲಿ. ನಯನಾ ಬರ್ಕೊಳ್ಳಲಿ. ಕುಡಿಸೋದು ನೀನೇ."

ಗೌರಮ್ಮ ನೀರಿನಲ್ಲಿ ಎಳೆದು ಲೋಟಕ್ಕೆ ಬಿಟ್ಟರು. ನಂದಿತಾ ಬಗ್ಗಿ ನೋಡಿ, "ಹತ್ತು," ಎಂದಳು. ಇನ್ನೊಂದು ಸಲ. "ಹತ್ತು." ಆರು ಸಲ ಮಾಡಿಸಿದರು. ಆರು ಸಲವೂ ಹತ್ತು.

ಹಿಂತಿರುಗುವಾಗ ಆಟೋದಲ್ಲಿ ಅವರು ಕಣ್ಣು ಮುಚ್ಚಿ ಒರಗಿದ್ದರು. ನಿದ್ದೆ ಹೋದರೆಂದು ನಾನು ನನ್ನ ಶಾಲು ಹೊದಿಸಿದೆ.

"ಮೂವತ್ತೊಂದು ವರ್ಷ ಕಣೇ," ಎಂದರು ಕಣ್ಣು ತೆರೆಯದೆ. "ಇನ್ನೂ ಎಷ್ಟು ಮನೇಲಿ ಆ ಪಟ್ಟಿ ಅಂಟಿಸ್ತಿದಾರೋ."

ಮರುದಿನ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಅವರು ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. ಕೈಯಲ್ಲಿ ನಂದಿತಾಳಿಗೆ ತರಲು ಹೇಳಬೇಕಾದ ಸಿರಿಂಜುಗಳ ಚೀಟಿ, ಚೀಲದಲ್ಲಿ ಬ್ಲೇಡು.

"ಹಳೇ ಬೀದಿಗಳನ್ನ ಒಂದೊಂದಾಗಿ ನೋಡ್ಕೊಂಡು ಬರೋಣ," ಎಂದರು. "ಮೊದಲು ಅಟ್ಟೂರು. ಮಂಡಿ ನೋಯುತ್ತೆ, ನಿಧಾನಕ್ಕೆ ನಡಿ."